ಎರಡನೆಯ ಶಾಲು

‘ಮಾನ್ಯರೇ’ ಎಂಬ ಒಂದೇ ಪದ ಟೈಪು ಮಾಡಿ ಭೋಜರಾಜ ಲ್ಯಾಪ್‌ಟಾಪಿನ ಮುಂದೆ ಕೂತು ಒಂದು ಗಂಟೆಯ ಮೇಲಾಗಿತ್ತು. ಶುಕ್ರವಾರದ ರಜೆ. ಅಡುಗೆಮನೆಯಲ್ಲಿ ಹೆಂಡತಿ ಪ್ರಣೀತಾ ಕೋರಿ ರೊಟ್ಟಿಗೆ ಕಾಯಿ ರುಬ್ಬುತ್ತಿದ್ದಳು. ಮಿಕ್ಸಿ ನಿಂತಾಗಲೆಲ್ಲ ಎದುರಿನ ಮಸೀದಿಯ ಪ್ರವಚನ ಕೇಳಿಸುತ್ತಿತ್ತು. ಸನ್ಮಾನ ಪತ್ರ ನಾಲ್ಕು ಗಂಟೆಯೊಳಗೆ ಸುಕೇಶನಿಗೆ ಹೋಗಬೇಕು. ಅವನು ಅದನ್ನು ರೂವಿಯ ಪ್ರೆಸ್ಸಿಗೆ ಕೊಟ್ಟು, ಗಾಜಿನ ಕಟ್ಟು ಹಾಕಿಸಿ, ನಾಳೆ ಸಂಜೆ ಮಸ್ಕತ್ತಿನ ಕನ್ನಡಿಗರ ಸಂಘದ ವಾರ್ಷಿಕೋತ್ಸವಕ್ಕೆ ತರಬೇಕು. ಹನ್ನೊಂದು ವರ್ಷಗಳಿಂದ ಸಂಘದ ಸನ್ಮಾನ ಪತ್ರಗಳನ್ನು ಭೋಜರಾಜನೇ ಬರೆಯುವುದು. ವಿಶೇಷಣಗಳ ವಿಷಯದಲ್ಲಿ ಅವನು ಎಂದೂ ಜಿಪುಣನಾಗಿರಲಿಲ್ಲ. ಹೋಟೆಲಿನ ವಾಲ್ಟರನನ್ನು ‘ಹಸಿದವರ ಬಂಧು’ ಮಾಡಿದ್ದ. ಇಬ್ರಾದ ಹಳೆಯ ಪೇಟೆ ಸೂಕಿನಲ್ಲಿ ಬಟ್ಟೆ ಅಂಗಡಿ ಇಟ್ಟ ಅಹ್ಮದ್, ಪತ್ರವನ್ನು ಕಟ್ಟು ಸಮೇತ ಗಲ್ಲಾಪೆಟ್ಟಿಗೆಯ ಮೇಲೆ ನೇತುಹಾಕಿಕೊಂಡಿದ್ದಾನಂತೆ. ಅಂಥ ಕೈಗೆ ಇವತ್ತು ಎರಡನೆಯ ಪದ ಬರುತ್ತಿರಲಿಲ್ಲ. ಬರೆಯಬೇಕಾದದ್ದು ಒಬ್ಬ ಪತ್ರಕರ್ತನ ಬಗ್ಗೆ, ಆ ಪತ್ರಕರ್ತ ತಾನಲ್ಲ, ಇಷ್ಟೇ ವಿಷಯ. ಇಷ್ಟು ಸಣ್ಣ ವಿಷಯಕ್ಕೆ ಐವತ್ತೆರಡು ವರ್ಷದ ಗಂಡಸು ಹೀಗೆ ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡು ಕೂರುತ್ತಾನೆಯೇ ಎಂದು ಅವನೇ ಕೇಳಿಕೊಂಡ. ಕೂರುತ್ತಾನೆ.

ಹತ್ತು ದಿನದ ಹಿಂದೆ ಸುಕೇಶ ಫೋನು ಮಾಡಿದಾಗ ಭೋಜರಾಜ ಆಫೀಸಿನ ಕಾರಿಡಾರಿನಲ್ಲಿದ್ದ. ಸುಕೇಶ ಸಂಘದ ಅಧ್ಯಕ್ಷ, ಸುವೈಕಿನಲ್ಲಿ ಎಸಿ ಬಿಡಿಭಾಗಗಳ ಅಂಗಡಿಯವ, ಯಾವ ಮಾತನ್ನೂ ಸುತ್ತಿ ಬಳಸಿ ಹೇಳುವವ. “ಭೋಜಣ್ಣ, ಈ ಸಲ ಒಬ್ಬರು ಪತ್ರಕರ್ತರಿಗೆ ಸನ್ಮಾನ ಮಾಡುವ ಅಂತ ಕಮಿಟಿಯಲ್ಲಿ ಆಯ್ತು” ಎಂದ. ಹನ್ನೊಂದು ವರ್ಷ ಊರವರಿಗೆಲ್ಲ ಶಾಲು ಹೊದಿಸುವಾಗ ಪಕ್ಕದಲ್ಲಿ ಮೈಕು ಹಿಡಿದು ನಿಂತವನಿಗೆ ಕೊನೆಗೂ ಒಂದು ದಿನ ಬಂತಲ್ಲ ಎನಿಸಿತು. ಎಷ್ಟು ಎನಿಸಿತು ಎಂದರೆ, “ಅದೆಲ್ಲ ಎಂತಕ್ಕೆ ಸುಕೇಶ್, ನಾನೆಲ್ಲ ಈಗ ಬರೆಯುವುದನ್ನು ಬಿಟ್ಟವ” ಎಂದು ನಾಚಿಕೊಂಡೇ ಬಿಟ್ಟ. ಆ ಕಡೆ ಅಂಗಡಿಯಲ್ಲಿ ಯಾರಿಗೋ ಬಿಲ್ಲಿನ ಮೊತ್ತ ಹೇಳಿದ್ದು ಕೇಳಿಸಿತು. ಆಮೇಲೆ ಸುಕೇಶ, “ಅಲ್ಲ ಭೋಜಣ್ಣ, ಪತ್ರ ನೀವೇ ಬರೆಯಬೇಕು, ಹಾಗೆಲ್ಲ ಬಿಟ್ಟೆ ಅಂತ ಹೇಳಿದ್ರೆ ಆಗುದಿಲ್ಲ. ನಿಮ್ಮ ಅಲ್ ಹೈಲಿನಲ್ಲೇ ಇದ್ದಾರಲ್ಲ, ಆ ಟರ್ಕಿಯವರು, ವೇದಾಂತ್ ಸಾರ್. ಫಾರಿನ್ ಗೆಸ್ಟ್ ಇದ್ರೆ ಫಂಕ್ಷನ್‌ಗೆ ಒಂದು ಗತ್ತು” ಎಂದ. ವೇದಾಂತ್ ಅಲ್ಲ, ವೆದಾತ್ ಎಂದು ತಿದ್ದಿ ಭೋಜರಾಜ ಫೋನು ಇಟ್ಟ. ಸುಕೇಶ ತನ್ನ ನಾಚಿಕೆಯನ್ನು ಅರ್ಥ ಮಾಡಿಕೊಂಡೂ ಬೇರೆ ಅರ್ಥ ಮಾಡಿಕೊಂಡಂತೆ ನಟಿಸಿದನೇ, ಅಥವಾ ನಿಜಕ್ಕೂ ಅವನಿಗೆ ಗೊತ್ತಾಗಲಿಲ್ಲವೇ? ಹತ್ತು ದಿನವೂ ಹಲ್ಲುಜ್ಜುವಾಗ, ಕಾರಿನ ಗಾಜಿನ ಧೂಳು ಒರೆಸುವಾಗ ಅದೇ ನೆನಪಾಗಿ ಕಿವಿ ಬಿಸಿಯಾಗುತ್ತಿತ್ತು.

ವೆದಾತ್ ಅರ್ಕಾಯ್‌ಗೆ ಅರುವತ್ತರ ಹತ್ತಿರ. ಬೆಳ್ಳಗಿನ ಮೀಸೆ, ಸ್ವಲ್ಪ ಎಳೆದು ಹಾಕುವ ಬಲಗಾಲು, ಎಷ್ಟು ಸೆಕೆಯಿದ್ದರೂ ಬಿಚ್ಚದ ಒಂದು ತೆಳು ಕೋಟು. ಅಂಕಾರಾದಲ್ಲಿ ಇಪ್ಪತ್ತನಾಲ್ಕು ವರ್ಷ ಸಂಸತ್ತಿನ ವರದಿಗಾರನಾಗಿದ್ದವ. ಪತ್ರಿಕೆ ಮುಚ್ಚಿ, ಮೊಕದ್ದಮೆಯಾಗಿ, ಹನ್ನೊಂದು ತಿಂಗಳು ಒಳಗಿದ್ದು, ಈಗ ಸೀಬಿನ ಒಂದು ಸಣ್ಣ ಇನ್‌ಸ್ಟಿಟ್ಯೂಟಿನಲ್ಲಿ ಇಂಗ್ಲಿಷ್ ಕಲಿಸುತ್ತಾನೆ. ಎರಡು ಬೀದಿ ಆಚೆ ಒಬ್ಬನೇ ಇರುತ್ತಾನೆ. ಸಂಜೆ ಅಲ್ ಹೈಲಿನ ಸಮುದ್ರದ ಬದಿಯಲ್ಲಿ ನಡೆಯುವಾಗ ಭೋಜರಾಜನಿಗೆ ಪರಿಚಯವಾಯಿತು. ಮೊದಲ ವಾರ ಇಬ್ಬರೂ ಹವೆಯ ಬಗ್ಗೆ, ಮೀನಿನ ಬಗ್ಗೆ ಮಾತಾಡಿದರು. ಎರಡನೆಯ ವಾರ ವೆದಾತ್ ಜೈಲಿನಲ್ಲಿ ಕಾಲು ಹೇಗೆ ಹಾಗಾಯಿತು ಎಂದು ಹೇಳಿದ. ಹೇಳಿದ ರೀತಿಯೇ ಭೋಜರಾಜನಿಗೆ ಸಹಿಸಲಾಗದ್ದು. ಬಸ್ಸು ತಪ್ಪಿತು ಎಂದು ಹೇಳುವ ಸ್ವರದಲ್ಲಿ ಹೇಳಿದ. ಇಷ್ಟು ದೊಡ್ಡದನ್ನು ಇಷ್ಟು ಸಣ್ಣದಾಗಿ ಹೇಳಬೇಕಾದರೆ ಮನುಷ್ಯನ ಹತ್ತಿರ ಎಷ್ಟು ಇರಬೇಕು ಎಂದು ಲೆಕ್ಕ ಹಾಕುತ್ತಿರುವಾಗಲೇ ಭೋಜರಾಜನ ಬಾಯಿ ತಾನಾಗಿ ತೆರೆದುಕೊಂಡಿತು. ನಾನೂ ಪತ್ರಕರ್ತನಾಗಿದ್ದೆ. ಮಂಗಳೂರಿನಲ್ಲಿ, ಒಂದು ಸಂಜೆ ಪತ್ರಿಕೆಯಲ್ಲಿ, ಒಂಬತ್ತು ವರ್ಷ. ಒಬ್ಬ ಕೂಲಿ ಹೆಂಗಸಿನ ಮಾತು ನಂಬಿ ಬರೆದ ಒಂದು ವರದಿಗಾಗಿ ನನ್ನ ಹತ್ತಿರ ತಪ್ಪೊಪ್ಪಿಗೆ ಬರೆಸಿ ಸಹಿ ಹಾಕಿಸಲು ನೋಡಿದರು. ನಾನು ಹಾಕಲಿಲ್ಲ. ಕೆಲಸ ಬಿಟ್ಟೆ, ಊರು ಬಿಟ್ಟೆ. ಇಂಗ್ಲಿಷಿನಲ್ಲಿ ಹೇಳಿದ್ದರಿಂದಲೋ ಏನೋ, ಸುಳ್ಳು ಸುಳ್ಳಿನಂತೆ ಕೇಳಿಸಲಿಲ್ಲ. ವೆದಾತ್ ನಿಂತು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಆ ದಿನದಿಂದ ಭೋಜರಾಜ ವಾಕಿಂಗಿಗೆ ಬೇರೆ ದಾರಿ ಹಿಡಿದ.

ಹಾಗಾಗಿಯೇ ಸನ್ಮಾನ ಪತ್ರಕ್ಕೆ ವಿವರ ಬೇಕು ಎಂದಾಗ ಅವನು ತಾನು ಹೋಗದೆ ಮಗಳನ್ನು ಕಳಿಸಿದ್ದು. ಯಶ್ಮಿತಾ ಹನ್ನೊಂದನೆಯ ಕ್ಲಾಸು, ಸ್ಕೂಲ್ ಮ್ಯಾಗಜೀನಿನ ಎಡಿಟರು, ಕುಣಿದುಕೊಂಡು ಹೋದಳು. ಬಂದವಳು ಎರಡು ದಿನ ಬೇರೆ ಮಾತೇ ಆಡಲಿಲ್ಲ. “ಪಪ್ಪಾ, ಹೀ ಈಸ್ ಸೋ ರಿಯಲ್” ಎಂದಳು. ಊಟಕ್ಕೆ ಕೂತಾಗಲೂ ವೆದಾತ್ ಅಂಕಲ್, ಕಾರಿನಲ್ಲೂ ವೆದಾತ್ ಅಂಕಲ್. ಹದಿನಾರು ವರ್ಷದಲ್ಲಿ ಒಂದು ಸಲವೂ ಅವಳು ಅಪ್ಪನ ಹಳೆಯ ಕೆಲಸದ ಬಗ್ಗೆ ಕೇಳಿದವಳಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆ ಎಂಬುದು ಬೇರೆ ಮಾತು; ಕೇಳಲಿಲ್ಲ ಎಂಬುದು ಭೋಜರಾಜನ ಸಂಕಟ. ಈಗ ಅವಳು ಎರಡು ಪುಟ ನೋಟ್ಸ್ ಮಾಡಿಕೊಟ್ಟಿದ್ದಳು, ರೆಕಾರ್ಡಿಂಗನ್ನೂ ಕಳಿಸಿದ್ದಳು, ನಲವತ್ತೇಳು ನಿಮಿಷದ್ದು. ನೋಟ್ಸಿನಿಂದಲೇ ಬರೆದು ಮುಗಿಸಬಹುದಿತ್ತು. ಆದರೆ ಹಳೆಯ ಚಾಳಿ. ಇನ್ನೊಬ್ಬರ ನೋಟ್ಸನ್ನು ನಂಬಬಾರದು, ಮೂಲವನ್ನೇ ಕೇಳಬೇಕು. ಒಳ್ಳೆಯ ಚಾಳಿಯೇ, ಸುಳ್ಳಲ್ಲ; ಒಳಗೊಳಗೆ ಎಲ್ಲಾದರೂ ಒಂದು ಬಿರುಕು ಸಿಕ್ಕೀತು ಎಂಬ ಆಸೆಯೂ ಇತ್ತು. ಭೋಜರಾಜ ಇಯರ್‌ಫೋನು ಸಿಕ್ಕಿಸಿಕೊಂಡ.

ವೆದಾತನ ಧ್ವನಿ ಕೆಮ್ಮಿ ಶುರುವಾಯಿತು. ಅಪ್ಪ ಸಿವಾಸ್ ಎಂಬ ಊರಿನಲ್ಲಿ ರೈಲ್ವೆ ಸಿಗ್ನಲ್ಲಿನವ. ಹದಿನೇಳನೆಯ ವಯಸ್ಸಿಗೆ ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ. ಹಿಮದಲ್ಲಿ ಮೂರು ದಿನ ಸಿಕ್ಕಿಕೊಂಡ ರೈಲಿನ ಬಗ್ಗೆ ಮೊದಲ ವರದಿ, ಅದಕ್ಕೆ ಸುದ್ದಿ ಕೊಟ್ಟವರು ಅಪ್ಪ, ಹೆಸರು ಹಾಕಬೇಡ ಎಂದಿದ್ದರಂತೆ. ಆಮೇಲೆ ಅಂಕಾರಾ. ಸಂಸತ್ತಿನಲ್ಲಿ ಟಿಪ್ಪಣಿ ಪುಸ್ತಕ ತೆಗೆದರೆ ಮಂದಿ ಬಾಯಿ ಮುಚ್ಚುತ್ತಾರೆಂದು ಕೋಟಿನ ಜೇಬಿನೊಳಗೇ ಒಂದು ತುಂಡು ಪೆನ್ಸಿಲು, ಒಂದು ತುಂಡು ಕಾಗದ ಇಟ್ಟುಕೊಂಡು, ಕೈ ಹೊರಗೆ ತೆಗೆಯದೆ ಬರೆದುಕೊಳ್ಳುತ್ತಿದ್ದನಂತೆ. ಈಗಲೂ ಕೋಟಿಲ್ಲದಿದ್ದರೆ ಕೈ ಎಲ್ಲಿಡಬೇಕು ಎಂದು ತಿಳಿಯುವುದಿಲ್ಲ ಎಂದು ನಕ್ಕ, ಯಶ್ಮಿತಾಳೂ ನಕ್ಕಳು. ಭೋಜರಾಜನಿಗೆ ಉರಿಯಿತು. ಎಂಥ ಚೆಂದದ ವಿವರ. ತನ್ನ ಒಂಬತ್ತು ವರ್ಷದಲ್ಲಿ ಮಗಳನ್ನು ನಗಿಸುವಂಥ ಒಂದಾದರೂ ಇದೆಯೇ? ಬಂದರಿನ ದಕ್ಕೆಯಲ್ಲಿ ಮೀನಿನ ನೀರಿಗೆ ಜಾರಿ ಬಿದ್ದದ್ದು, ಪಾಲಿಕೆಯ ಸಭೆಯಲ್ಲಿ ನಿದ್ದೆ ಹೋದದ್ದು. ವೆದಾತನ ಪ್ರತಿಯೊಂದು ಮಾತೂ ಬರೆದುಕೊಟ್ಟಂತೆ ನೇರ ಸನ್ಮಾನ ಪತ್ರಕ್ಕೆ ಹೋಗುವಂಥದ್ದು. ಸಂಸತ್ತಿನ ಕಾರಿಡಾರಿನಲ್ಲಿ ಚಹಾ ಹಂಚುವ ರಮೀಜ್ ಎಂಬವನೊಬ್ಬ ಇದ್ದನಂತೆ. ಯಾರು ಯಾರ ಕೋಣೆಗೆ ಹೋದರು, ಎಷ್ಟು ಹೊತ್ತು ಕೂತರು, ಯಾರ ಚಹಾ ಕುಡಿಯದೆ ಉಳಿಯಿತು, ಎಲ್ಲ ಅವನಿಗೆ ಗೊತ್ತು. ಒಬ್ಬ ಮಂತ್ರಿಯ ಅಳಿಯನಿಗೆ ಹೋದ ಅಣೆಕಟ್ಟಿನ ಗುತ್ತಿಗೆಯ ಕಾಗದ ವೆದಾತನ ಕೈಗೆ ಬಂದದ್ದು ಚಹಾದ ತಟ್ಟೆಯ ಅಡಿಯಲ್ಲಿ. ಅದು ಅಚ್ಚಾದ ಮೇಲೆ ಮೊಕದ್ದಮೆ, ಜೈಲು. ಜೈಲಿನಲ್ಲಿ ಓದಲು ಬಾರದವರು ತುಂಬಾ ಇದ್ದರು ಎಂದ ವೆದಾತ್. ಮನೆಯಿಂದ ಬಂದ ಅವರ ಕಾಗದಗಳನ್ನು ನಾನು ಓದಿ ಹೇಳುತ್ತಿದ್ದೆ. ಕೆಟ್ಟ ಸುದ್ದಿ ಇದ್ದರೆ ಬಿಟ್ಟು ಓದಬೇಕು ಎನಿಸುತ್ತಿತ್ತು, ಆದರೆ ಒಂದು ಸಲವೂ ಬಿಡಲಿಲ್ಲ.

ಭೋಜರಾಜ ರೆಕಾರ್ಡಿಂಗ್ ನಿಲ್ಲಿಸಿ ಎದ್ದು ಒಂದು ಲೋಟ ನೀರು ಕುಡಿದ. “ಆಯ್ತಾ ಬರೆದು?” ಎಂದಳು ಪ್ರಣೀತಾ. ಆಗ್ತದೆ ಎಂದ. ಓದಿ ಹೇಳುವ ಮಾತು ಎಲ್ಲಿಂದ ಬಂತು ಈಗ? ಹದಿನೆಂಟು ವರ್ಷದ ಹಿಂದೆ ಮಂಗಳೂರಿನಲ್ಲಿ, ಸಂಜೆ ಪತ್ರಿಕೆಯ ಆಫೀಸಿನ ಮೆಟ್ಟಿಲಿನ ಬುಡದಲ್ಲಿ ಮುನಿಯಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದಳು. ಘಟ್ಟದ ಮೇಲಿನಿಂದ ಸಿಗಡಿ ಸುಲಿಯುವ ಶೆಡ್ಡಿಗೆ ಬಂದ ಹೆಂಗಸು. ಕೈಯಲ್ಲಿ ಆ ದಿನದ ಪತ್ರಿಕೆ, ನಾಲ್ಕಾಗಿ ಮಡಚಿದ್ದು. “ಇದ್ರಾಗೆ ನನ್ ಬಗ್ಗೆ ಏನ್ ಬರ್ದವ್ರೆ ಸಾಮಿ? ಎಲ್ರೂ ಮಕ ತಿರುಗಿಸ್ತವ್ರೆ. ನೀನು ಓದಿ ಹೇಳು” ಎಂದಳು. ಅವಳಿಗೆ ಅಕ್ಷರ ಬಾರದು ಎಂದು ಭೋಜರಾಜನಿಗೆ ಗೊತ್ತಿತ್ತು. ಬೇಡ ಅದೆಲ್ಲ ಈಗ ಎಂದು ಅವನು ಲೋಟ ತೊಳೆದಿಟ್ಟು ಬಂದು ಮತ್ತೆ ಇಯರ್‌ಫೋನು ಸಿಕ್ಕಿಸಿಕೊಂಡ.

ಯಶ್ಮಿತಾ ಕೇಳಿದಳು, ಶಾಲೆಯ ಭಾಷಣದ ಇಂಗ್ಲಿಷಿನಲ್ಲಿ: ಅಂಕಲ್, ನಿಮಗೆ ಇಷ್ಟೊಂದು ಧೈರ್ಯ ಎಲ್ಲಿಂದ ಬಂತು? ಅಲ್ಲಿ ವೆದಾತ್ ಸುಮ್ಮನಾದ. ರೆಕಾರ್ಡಿಂಗ್ ಕೆಟ್ಟಿತೇನೋ ಎಂದು ಭೋಜರಾಜ ಫೋನು ನೋಡಿದ, ಸೆಕೆಂಡುಗಳು ಓಡುತ್ತಿದ್ದವು. ಮೂರು ನಿಮಿಷ. ದೂರದಲ್ಲಿ ಕಾಗೆ, ಒಂದು ಕಾರು. ಆಮೇಲೆ ಧ್ವನಿ ಬಂತು, ಆದರೆ ಅದು ಬಸ್ಸು ತಪ್ಪಿತು ಎಂಬ ಸ್ವರವಲ್ಲ. ಮಗಳೇ, ನನಗೆ ಮೂರು ವರ್ಷದ ಶಿಕ್ಷೆಯಾಗಿತ್ತು. ಹನ್ನೊಂದು ತಿಂಗಳಿಗೇ ಬಿಟ್ಟರು. ಏಕೆ ಎಂದು ಯಾರೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ನಾನು ಒಂದು ಕಾಗದಕ್ಕೆ ಸಹಿ ಹಾಕಿದೆ. ಗುತ್ತಿಗೆಯ ಕಾಗದ ಕೊಟ್ಟವನು ಚಹಾದ ರಮೀಜ್ ಎಂದು ಬರೆದುಕೊಟ್ಟೆ. ಅವನು ಎರಡು ವರ್ಷ ಒಳಗಿದ್ದ. ಹೊರಗೆ ಬಂದ ಮೇಲೆ ಚಹಾ ಹಂಚುವ ಕೆಲಸವನ್ನೂ ಅವನಿಗೆ ಯಾರೂ ಕೊಡಲಿಲ್ಲ.

ಭೋಜರಾಜನ ಮೈಯಲ್ಲಿ ಏನೋ ಸಡಿಲವಾಯಿತು. ಸಂತೋಷ ಎನ್ನಲು ನಾಚಿಕೆಯಾಗುವಂಥ ಸಂತೋಷ. ಆ ಭಾಗವನ್ನು ಮತ್ತೊಮ್ಮೆ ಹಾಕಿ ಕೇಳಿದ. ಮೂರನೆಯ ಸಲವೂ ಕೇಳಿದ. ಓಹೋ, ಹೀಗೋ ವಿಷಯ. ಹನ್ನೊಂದು ತಿಂಗಳು, ಕುಂಟು ಕಾಲು, ತೆಳು ಕೋಟು, ಎಲ್ಲದರ ಅಡಿಯಲ್ಲಿ ಒಂದು ಸಹಿ. ಮಗಳ ನೋಟ್ಸ್ ತೆಗೆದು ನೋಡಿದ. ಅಲ್ಲಿ ಇದರ ಸುದ್ದಿಯೇ ಇಲ್ಲ. ಬಿಟ್ಟಿದ್ದಾಳೆ, ಬೇಕೆಂದೇ ಬಿಟ್ಟಿದ್ದಾಳೆ. ಹದಿನಾರನೆಯ ವಯಸ್ಸಿಗೆ ಒಬ್ಬ ಪರಕೀಯನಿಗಾಗಿ ಸತ್ಯವನ್ನು ನುಂಗುವಷ್ಟು ಅಭಿಮಾನ. ಅವನಿಗೆ ತಡೆಯಲಿಲ್ಲ. “ಯಶೂ, ಇಲ್ಲಿ ಬಾ ಒಮ್ಮೆ” ಎಂದು ಕೂಗಿದ. ಅವಳು ಕೂದಲಿಗೆ ಟವೆಲು ಸುತ್ತಿಕೊಂಡು ಬಂದಳು.

“ಇದೆಂತ? ಇವರು ಸಹಿ ಹಾಕಿದ ವಿಷಯ ನಿನ್ನ ನೋಟ್ಸಿನಲ್ಲಿ ಇಲ್ಲವಲ್ಲ?”

“ಪಪ್ಪಾ, ಹೀ ವಾಸ್ ಕ್ರೈಯಿಂಗ್.”

“ಅಳಲಿ. ಪತ್ರಕರ್ತರ ಕೆಲಸ ಅಂದ್ರೆ ಅದೇ ಮಗಾ, ಬೇಕಾದ್ದು ಬೇಡದ್ದು ಎಲ್ಲ ಬರೆಯಬೇಕು. ಫ್ಯಾಕ್ಟ್ ಅಂದ್ರೆ ಫ್ಯಾಕ್ಟ್. ನಾಳೆ ಐನೂರು ಜನರ ಎದುರು ಶಾಲು ಹೊದಿಸ್ತೇವೆ, ಜನರಿಗೆ ಗೊತ್ತಾಗುದು ಬೇಡವಾ?” ತನ್ನ ಧ್ವನಿ ಎಷ್ಟು ನ್ಯಾಯವಾಗಿ ಕೇಳಿಸುತ್ತಿದೆ ಎಂದು ಭೋಜರಾಜನಿಗೇ ಆಶ್ಚರ್ಯವಾಯಿತು.

ಯಶ್ಮಿತಾ ಅವನನ್ನು ಒಂದು ನಮೂನೆ ನೋಡಿದಳು. ಸಿಟ್ಟಲ್ಲ. ಅವಳ ತುಟಿಯ ತುದಿಯಲ್ಲಿ ನಗೆಯೇ ಇತ್ತು. “ನೀವು ಲಾಸ್ಟ್ ತನಕ ಕೇಳ್ಲಿಲ್ಲ ಅಲ್ವಾ? ಪ್ಲೀಸ್ ಲಿಸನ್ ಟಿಲ್ ದಿ ಎಂಡ್. ಸರ್ಪ್ರೈಸ್ ಉಂಟು” ಎಂದು ಕೂದಲು ಒರೆಸಿಕೊಳ್ಳುತ್ತ ಒಳಗೆ ಹೋದಳು.

ಇನ್ನು ಆರು ನಿಮಿಷ ಇತ್ತು. ವೆದಾತ್ ಹೇಳುತ್ತಿದ್ದ: ಇದನ್ನು ನಾನು ನನ್ನ ಹೆಂಡತಿಗೂ ಹೇಳಿಲ್ಲ. ನಿನಗೆ ಹೇಳುತ್ತಿದ್ದೇನೆ, ಏಕೆಂದರೆ ನೀನು ಧೈರ್ಯದ ಬಗ್ಗೆ ತಪ್ಪಾದ ಮನೆಗೆ ಬಂದು ಕೇಳುತ್ತಿದ್ದೀಯ. ನಿನ್ನ ಮನೆಯಲ್ಲೇ ಇದ್ದಾರಲ್ಲ. ನಿನ್ನ ತಂದೆಯ ಮುಂದೆಯೂ ಅಂಥದೇ ಕಾಗದ ಇಟ್ಟರು. ಅವರು ಸಹಿ ಹಾಕಲಿಲ್ಲ. ಮುನಿಯಮ್ಮ ಎಂಬ ಒಬ್ಬ ಕೂಲಿ ಹೆಂಗಸಿನ ಮಾತು ಸುಳ್ಳಾಗಬಾರದು ಎಂದು ಕೆಲಸ ಬಿಟ್ಟರು, ದೇಶ ಬಿಟ್ಟರು. ಅವರು ಅದನ್ನು ಯಾರಿಗೂ ಹೇಳಿಕೊಂಡು ತಿರುಗುವುದಿಲ್ಲ. ನನಗೆ ಒಂದೇ ಸಲ ಹೇಳಿದರು, ಆಮೇಲೆ ನನ್ನ ಜತೆ ನಡೆಯಲು ಬರುವುದನ್ನೂ ಬಿಟ್ಟರು. ನನ್ನ ಒಳಗೆ ಏನಿದೆ ಎಂದು ಅವರಿಗೆ ಗೊತ್ತಾಗಿರಬೇಕು. ನಿಜ ಹೇಳಲೇ? ನಿನ್ನ ತಂದೆಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅಲ್ಲಿ ರೆಕಾರ್ಡಿಂಗ್ ಮುಗಿಯಿತು.

ಭೋಜರಾಜ ಇಯರ್‌ಫೋನು ಕಿವಿಯಲ್ಲೇ ಬಿಟ್ಟು ಕೂತ. ಮಸೀದಿಯಿಂದ ಜನ ಹೊರಗೆ ಬಂದು ಕಾರುಗಳು ಒಂದೊಂದಾಗಿ ಹೊರಡುತ್ತಿದ್ದವು. ಆಗ ಮಂಗಳೂರಿನಲ್ಲಿ ಐಸ್ ಪ್ಲಾಂಟಿನ ಅಮೋನಿಯಾ ಸೋರಿದ್ದು ಮಧ್ಯಾಹ್ನ ಮೂರಕ್ಕೆ. ಪಕ್ಕದ ಸಿಗಡಿ ಶೆಡ್ಡಿನಲ್ಲಿ ಇಬ್ಬರು ಹೆಂಗಸರು ಸತ್ತರು, ಒಬ್ಬಳು ಮುನಿಯಮ್ಮನ ತಂಗಿ. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದ್ದರು ಎಂದು ಮುನಿಯಮ್ಮ ಹೇಳಿದಳು. ಭೋಜರಾಜ ಬರೆದ. ಬರೆಯುವ ಮೊದಲು ಹೋಗಿ ನೋಡಿದ್ದ. ಒಡೆದ ಬೀಗ ಚಿಲಕದಲ್ಲೇ ನೇತಾಡುತ್ತಿತ್ತು, ಕೈಯಲ್ಲಿ ಮುಟ್ಟಿದ್ದ. ಮೂರನೆಯ ದಿನ ಪ್ಲಾಂಟಿನ ಮಾಲಕ ಆಫೀಸಿಗೆ ಬಂದು ಬಹಳ ಮರ್ಯಾದೆಯಿಂದ ಮಾತಾಡಿದ. ಕೂಗಲಿಲ್ಲ, ಹೆದರಿಸಲಿಲ್ಲ. ಒಂದು ವಿಷಾದ ಪ್ರಕಟಣೆ ಹಾಕಿ, ಮಾಹಿತಿ ತಪ್ಪಾಗಿತ್ತು ಅಂತ, ಸಾಕು ಎಂದ. ಮಸ್ಕತ್ತಿನಲ್ಲಿ ತನ್ನ ತಮ್ಮನ ಕಂಪೆನಿಯಲ್ಲಿ ಇಂಗ್ಲಿಷ್ ಬರೆಯಬಲ್ಲವರು ಬೇಕಾಗಿದ್ದಾರೆ ಎಂದೂ ಹೇಳಿದ. ಸಂಪಾದಕರು ಭೋಜರಾಜನ ಮುಖ ನೋಡಿದರು. ಪ್ರಕಟಣೆಯನ್ನು ಭೋಜರಾಜನೇ ಬರೆದ, ನಾಲ್ಕು ಸಾಲು. ಮಾಹಿತಿ ತಪ್ಪಾಗಿತ್ತು ಎಂದಷ್ಟೇ ಬರೆದರೆ ಮುಗಿಯುತ್ತಿತ್ತು. ಆದರೆ ಓದಲು ಬೋಳು ಬೋಳಾಗಿತ್ತು. ಒಳ್ಳೆಯ ವಾಕ್ಯಕ್ಕೆ ಒಂದು ಕಾರಣ ಬೇಕು. ‘ಮುನಿಯಮ್ಮ ಎಂಬವರು ಪರಿಹಾರದ ಆಸೆಯಿಂದ ನೀಡಿದ ಸುಳ್ಳು ಮಾಹಿತಿ’ ಎಂದು ಸೇರಿಸಿದ. ಆ ಏಳು ಪದವನ್ನು ಯಾರೂ ಕೇಳಿರಲಿಲ್ಲ. ಮಾಲಕ ಕೂಡ ಕೇಳಿರಲಿಲ್ಲ. ಕೆಳಗೆ ಹೆಸರು ಹಾಕಿ ಸಹಿ ಮಾಡಿದ.

ಮೆಟ್ಟಿಲಿನ ಬುಡದಲ್ಲಿ ಅವಳಿಗೆ ಓದಿ ಹೇಳಿದ್ದು ಬೇರೆಯೇ. ಪತ್ರಿಕೆ ಬಿಡಿಸಿ ಹಿಡಿದು, ಸಾಲಿನ ಮೇಲೆ ಬೆರಳಿಟ್ಟು, ‘ಮುನಿಯಮ್ಮನವರಿಗೆ ಆದ ನಷ್ಟಕ್ಕೆ ಪತ್ರಿಕೆ ವಿಷಾದಿಸುತ್ತದೆ’ ಎಂದು ಓದಿದ. ಅವಳು ಕೈ ಮುಗಿದಳು. “ನೀನೊಬ್ಬ ನನ್ ಮಾತ್ ಕೇಳ್ದೆ ಸಾಮಿ” ಎಂದಳು. ಆಮೇಲೆ ಅವಳನ್ನು ಶೆಡ್ಡಿಗೆ ಸೇರಿಸಲಿಲ್ಲ ಎಂದು ಯಾರೋ ಹೇಳಿದರು. ಎಲ್ಲಿಗೆ ಹೋದಳೋ ಗೊತ್ತಿಲ್ಲ. ಎರಡು ತಿಂಗಳಲ್ಲಿ ವೀಸಾ ಬಂತು. ಹದಿನೆಂಟು ವರ್ಷದಿಂದ ಭೋಜರಾಜ ಅದೇ ಕಂಪೆನಿಯ ಟೆಂಡರ್ ವಿಭಾಗದಲ್ಲಿ, ನಿಮ್ಮ ಕೊಟೇಶನನ್ನು ಒಪ್ಪಲಾಗದ್ದಕ್ಕೆ ವಿಷಾದಿಸುತ್ತೇವೆ ಎಂದು ಪತ್ರ ಬರೆಯುತ್ತ ಬಂದ. ವಿಷಾದದಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಆಫೀಸಿನಲ್ಲಿ ತಮಾಷೆ ಇತ್ತು, ಅವನೂ ನಗುತ್ತಿದ್ದ.

ಫೋನು ಹೊಡೆದುಕೊಂಡಿತು. ಸುಕೇಶ. ಭೋಜರಾಜ ಊಟಕ್ಕೂ ಏಳದೆ ಕೂತಲ್ಲೇ ಗಡಿಯಾರದಲ್ಲಿ ಮೂರು ಗಂಟೆಯಾಗಿತ್ತು. “ಭೋಜಣ್ಣ, ನೀವು ದೊಡ್ಡ ಜನ ಮಾರ್ರೆ. ಇಷ್ಟು ವರ್ಷ ಜತೆಗಿದ್ದು ಒಂದು ಮಾತು ಹೇಳ್ಲಿಲ್ಲ ಅಲ್ವಾ? ಯಶ್ಮಿತಾ ರೆಕಾರ್ಡಿಂಗಿನ ಕೊನೆಯ ತುಂಡು ಕಳಿಸಿದ್ಳು. ಕಮಿಟಿಯವರೆಲ್ಲ ಕೇಳಿದೆವು, ನನ್ನ ಹೆಂಡತಿ ಕಣ್ಣೀರು ಹಾಕಿದ್ಳು. ಈಗ ಆಯ್ತು, ಖಲಾಸ್. ನಾಳೆ ಎರಡು ಶಾಲು. ಒಂದು ವೇದಾಂತ್ ಸಾರಿಗೆ, ಒಂದು ನಿಮಗೆ. ನಿಮಗೆ ಹೊದಿಸುದು ಅವರೇ, ಅವರಿಗೂ ಹೇಳಿ ಆಯ್ತು, ತುಂಬಾ ಖುಷಿಯಾದ್ರು.” ಭೋಜರಾಜ ಏನೋ ಹೇಳಲು ಹೊರಟ. ಸುಕೇಶ ಬಿಡಲಿಲ್ಲ. “ಬೇಡ ಗೀಡ ಹೇಳ್ಬೇಡಿ. ಒಂದು ಸಣ್ಣ ತೊಂದರೆ. ನಿಮ್ಮ ಪತ್ರವನ್ನೂ ನೀವೇ ಬರೆದು ಕಳಿಸ್ಬೇಕು ಆಯ್ತಾ. ಬೇರೆ ಯಾರಿಗೆ ಬರ್ತದೆ ನಮ್ಮಲ್ಲಿ? ನಾಲ್ಕು ಗಂಟೆಗೆ ಎರಡೂ ಬರ್ಲಿ. ಯಲ್ಲಾ, ಬೇಗ.”

ಎರಡನೆಯ ಪತ್ರಕ್ಕೆ ಪದಗಳು ಬಂದವು. ಅದೇ ಆಶ್ಚರ್ಯ. ಬೆಳಗ್ಗಿನಿಂದ ಒಂದು ಪದಕ್ಕೆ ಒದ್ದಾಡಿದ ಕೈ ಹೊಸ ಪುಟದಲ್ಲಿ ಓಡತೊಡಗಿತು. ‘ಮಾನ್ಯರೇ, ಅಕ್ಷರದ ಮಾನ ಉಳಿಸಲು ಅನ್ನದ ಹಂಗು ತೊರೆದ ತಾವು’ ಎಂದು ಬರೆದು ಓದಿದ. ಚೆನ್ನಾಗಿತ್ತು. ಹನ್ನೊಂದು ವರ್ಷದಲ್ಲಿ ಬರೆದ ಅತ್ಯುತ್ತಮ ವಾಕ್ಯ ಅದೇ ಇರಬಹುದು. ನಾಳೆ ಅದನ್ನು ಓದುವಾಗ ಯಶ್ಮಿತಾ ಮೊದಲ ಸಾಲಿನಲ್ಲಿ ಫೋನು ಎತ್ತಿ ವೀಡಿಯೊ ತೆಗೆಯುತ್ತಾಳೆ. ಕುಂಟುತ್ತ ಬಂದು ವೆದಾತ್ ಶಾಲು ಹೊದಿಸುತ್ತಾನೆ, ರಮೀಜನನ್ನು ಹಿಡಿದುಕೊಟ್ಟ ಕೈಯಿಂದ. ಭೋಜರಾಜನ ಹೆಗಲು ತಾನಾಗಿ ಸ್ವಲ್ಪ ಬಾಗಿತು, ಶಾಲು ಬೀಳುವಾಗ ಬಾಗುವಂತೆ. ಅದನ್ನು ಅವನೇ ಗಮನಿಸಿದ.

ಪ್ರಣೀತಾ ಬಾಗಿಲಲ್ಲಿ ನಿಂತಿದ್ದಳು, ಕೈ ಒರೆಸಿಕೊಳ್ಳುತ್ತ. ಸುಕೇಶನ ಹೆಂಡತಿ ಅವಳಿಗೂ ಫೋನು ಮಾಡಿದ್ದಳು. ಪ್ರಣೀತಾಳಿಗೆ ಎಲ್ಲ ಗೊತ್ತು. ಮದುವೆಯಾಗಿ ಆರು ತಿಂಗಳಿಗೆ ಆ ಪ್ರಕಟಣೆ ಓದಿದವಳು, ಪಾಸ್‌ಪೋರ್ಟಿನ ಫೋಟೋಕ್ಕೆ ಅವನ ಅಂಗಿ ಇಸ್ತ್ರಿ ಮಾಡಿದವಳು. ಇಷ್ಟು ವರ್ಷದಲ್ಲಿ ಒಂದು ದಿನ ಅದನ್ನು ಎತ್ತಿದವಳಲ್ಲ. ಅವಳು ಬಂದು ಎದುರು ಕುರ್ಚಿಯಲ್ಲಿ ಕೂತಳು.

“ನೀವು ಆ ಮನುಷ್ಯನಿಗೆ ಹಾಗೆ ಹೇಳಿದ್ದು ಎಂತಕ್ಕೆ?” ಎಂದು ಮೆಲ್ಲ ಕೇಳಿದಳು.

“ಗೊತ್ತಿಲ್ಲ.”

“ಹೇಳಿ ಆಯ್ತು. ಇನ್ನು ಸುಮ್ಮನಿರಿ. ಒಂದು ಶಾಲು ಅಲ್ವಾ, ಹೊದ್ದುಕೊಂಡ್ರೆ ಎಂತ ಆಗ್ತದೆ? ಆ ಹುಡುಗಿ ಬೆಳಿಗ್ಗೆಯಿಂದ ಕಪಾಟು ಖಾಲಿ ಮಾಡಿ ನಿಮಗೆ ಯಾವ ಅಂಗಿ ಅಂತ ನೋಡ್ತಾ ಇದ್ದಾಳೆ. ಹದಿನಾರು ವರ್ಷದಲ್ಲಿ ಮೊದಲ ಸಲ ಅವಳು ನನ್ನತ್ರ, ಮಮ್ಮಿ, ಪಪ್ಪ ಹಾಗೆ ಇದ್ರಾ ಅಂತ ಕೇಳಿದ್ಳು. ನಾನು ಹೌದು ಅಂದೆ.” ಅವಳು ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡಳು. “ಈಗ ನಾನೂ ಸುಳ್ಳು ಹೇಳಿದ ಹಾಗೆ ಆಯ್ತು. ಅವಳಿಗೆ ಹೇಳ್ಬೇಡಿ ಮಾರ್ರೆ. ನಿಮ್ಮ ಕಾಲು ಹಿಡಿದ ಹಾಗೆ.”

ಹೇಳಬಾರದು ಎಂದು ಭೋಜರಾಜನಿಗೂ ಅನಿಸಿತು. ಯಾರಿಗೆ ಬೇಕು? ವೆದಾತನಿಗೆ ಬೇಡ, ಅವನಿಗೆ ಒಬ್ಬ ಸಹಿ ಹಾಕದವನು ಬೇಕಾಗಿದ್ದಾನೆ. ಸಂಘಕ್ಕೆ ಬೇಡ. ಮುನಿಯಮ್ಮ ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ. ಸುಳ್ಳು ಹೀಗೆ ಎಲ್ಲರಿಗೂ ಅನುಕೂಲವಾಗಿ ಕೂತಿರುವಾಗ ಅದನ್ನು ಎಬ್ಬಿಸುವುದು ಯಾವ ಪುರುಷಾರ್ಥಕ್ಕೆ? ಆದರೆ ಆ ಮೂರು ನಿಮಿಷ ಕಿವಿಯಿಂದ ಹೋಗುತ್ತಿರಲಿಲ್ಲ. ಕಾಗೆ, ಒಂದು ಕಾರು, ಆಮೇಲೆ ನಾನು ಸಹಿ ಹಾಕಿದೆ ಎಂಬ ಧ್ವನಿ. ಬೆಳಗ್ಗಿನಿಂದ ತಾನು ಉರಿದದ್ದು ಜೈಲಿಗೆ, ಕೋಟಿಗೆ, ಜೇಬಿನೊಳಗಿನ ಪೆನ್ಸಿಲಿಗೆ ಎಂದುಕೊಂಡಿದ್ದ. ಈಗ ಅವೆಲ್ಲ ಪುಡಿಗಾಸಿನಂತೆ ಕಂಡವು. ಆ ಮನುಷ್ಯ ಅದನ್ನು ಹೇಳಿಬಿಟ್ಟಿದ್ದಾನೆ. ಹೆಂಡತಿಗೆ ಹೇಳದ್ದನ್ನು ಹೇಳಿದ್ದಾನೆ. ಅದೂ ಯಾರಿಗೆ, ತನ್ನ ಮಗಳಿಗೆ. ಎದುರು ಕೂತು ಅವಳು ಕೇಳಿದ್ದಾಳೆ, ಅವನು ಅತ್ತದ್ದನ್ನು ನೋಡಿದ್ದಾಳೆ, ಮನೆಗೆ ಬಂದು ಅವನಿಗಾಗಿ ಎರಡು ಪುಟದಲ್ಲಿ ಅದನ್ನು ಬಚ್ಚಿಟ್ಟಿದ್ದಾಳೆ. ಹೀ ಈಸ್ ಸೋ ರಿಯಲ್ ಎಂದದ್ದು ಅದಕ್ಕೆ. ತಾನು ಹದಿನಾರು ವರ್ಷ ಸಾಕಿದ ಮಗಳ ಮುಂದೆ ಬೇರೊಬ್ಬ ಹೀಗೆ ಬರಿಗೈಯಲ್ಲಿ ಕೂತದ್ದನ್ನು ನೆನೆದಾಗ ಹೊಟ್ಟೆಯ ಕೆಂಡ ಬೆಳಗ್ಗಿಗಿಂತ ಹೆಚ್ಚಾಗಿ ಉರಿಯಿತು. ಶಾಲಿನ ಹೊಟ್ಟೆಕಿಚ್ಚು ಇದರ ಎದುರು ಏನೂ ಅಲ್ಲ.

ಅವನು ಎದ್ದ. ಪ್ರಣೀತಾ ಅವನ ಮುಖ ನೋಡಿ ಕುರ್ಚಿಯಲ್ಲೇ ಉಳಿದಳು. ಯಶ್ಮಿತಾಳ ಕೋಣೆಯಲ್ಲಿ ಮಂಚದ ತುಂಬ ಅವನ ಅಂಗಿಗಳು. ಬಿಳಿಯದೊಂದನ್ನು ಹ್ಯಾಂಗರಿಗೆ ಹಾಕಿ ಬಾಗಿಲಿಗೆ ನೇತುಹಾಕಿದ್ದಳು. “ಪಪ್ಪಾ, ದಿಸ್ ಒನ್” ಎಂದಳು. “ಲಿಸನ್ ಮಾಡಿದ್ರಾ?”

“ಮಾಡಿದೆ.” ಅವನು ಅಂಗಿಗಳನ್ನು ಸರಿಸಿ ಮಂಚದ ತುದಿಯಲ್ಲಿ ಕೂತ. “ಯಶೂ, ನಿನ್ನ ಫೋನು ತೆಗಿ. ರೆಕಾರ್ಡ್ ಮಾಡು.”

“ನಿಮ್ಮ ಇಂಟರ್‌ವ್ಯೂ? ರಿಯಲಿ?” ಅವಳ ಮುಖ ಅರಳಿತು. ಆ ಮುಖವನ್ನು ಭೋಜರಾಜ ಸ್ವಲ್ಪ ಹೊತ್ತು ನೋಡಿದ. ತನ್ನ ಕಡೆಗೆ ಹೀಗೆ ಅರಳಿದ್ದನ್ನು ಮೊದಲು ನೋಡಿರಲಿಲ್ಲ, ಇನ್ನು ಮುಂದೆ ನೋಡುವುದೂ ಇಲ್ಲವೇನೋ. ಅವಳು ನೆಲದ ಮೇಲೆ ಕಾಲು ಮಡಚಿ ಕೂತು, ಫೋನನ್ನು ಇಬ್ಬರ ನಡುವೆ ಮಂಚದ ಮೇಲಿಟ್ಟು, ಕೆಂಪು ಗುಂಡಿ ಒತ್ತಿದಳು. ಗಂಟಲು ಸರಿಮಾಡಿಕೊಂಡು, ಶಾಲೆಯ ಭಾಷಣದ ಸ್ವರದಲ್ಲಿ ಕೇಳಿದಳು. “ಓಕೆ. ಫಸ್ಟ್ ಕ್ವೆಶ್ಚನ್. ಹೂ ಈಸ್ ಮುನಿಯಮ್ಮ?”

ಹೊರಗೆ ಊಟದ ಮೇಜಿನ ಮೇಲೆ ಸುಕೇಶನ ಫೋನು ಮತ್ತೆ ಬರುತ್ತಿತ್ತು. ಯಾರೂ ಎತ್ತಲಿಲ್ಲ. ಭೋಜರಾಜ ಓಡುವ ಸೆಕೆಂಡುಗಳನ್ನೇ ನೋಡುತ್ತಿದ್ದ. ವೆದಾತ್ ಮೂರು ನಿಮಿಷ ತೆಗೆದುಕೊಂಡಿದ್ದ. ತಾನು ಅಷ್ಟು ತೆಗೆದುಕೊಳ್ಳಬಾರದು ಎಂಬ ಹಟ ಬಂತು. ಇದರಲ್ಲೂ ಅವನ ಜತೆ ಮೇಲಾಟವೇ ಎಂದು ನಾಚಿಕೆಯೂ ಬಂತು. ಒಂದು ನಿಮಿಷ ಹತ್ತು ಸೆಕೆಂಡಿಗೆ ಅವನು ಬಾಯಿ ತೆರೆದ, ಕನ್ನಡದಲ್ಲಿ.

“ಮುನಿಯಮ್ಮ ಸುಳ್ಳು ಹೇಳಿರ್ಲಿಲ್ಲ ಮಗಾ. ಬಾಗಿಲಿಗೆ ಹೊರಗಿನಿಂದ ಬೀಗ ಇತ್ತು. ನಾನು ನನ್ನ ಈ ಕೈಯಲ್ಲಿ ಅದನ್ನು ಮುಟ್ಟಿ ನೋಡಿದ್ದೆ. ಆಮೇಲೆ ಇದೇ ಕೈಯಲ್ಲಿ ಸಹಿ ಹಾಕಿದೆ.”